ಬೊರೆಗೊ ಮರುಭೂಮಿಯ ಉಕ್ಕಿನ ಪ್ರಾಣಿಗಳು: ಯಾವ ತಿಂಗಳು, ಯಾವ ದಾರಿ, ಯಾವ ಕಾರು, ಯಾವ ಹೊತ್ತು

ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ಕೌಂಟಿಯಲ್ಲಿ, ಬೆಟ್ಟಸಾಲಿನ ಆಚೆ ಮಗ್ಗುಲಿಗೆ ಬೊರೆಗೊ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿದೆ. ಒಂದೇ ಒಂದು ಟ್ರಾಫಿಕ್ ಸಿಗ್ನಲ್ ಇಲ್ಲದ ಊರು. ಸುತ್ತ ನಾಲ್ಕೂ ದಿಕ್ಕಿಗೆ ಆಂಜಾ-ಬೊರೆಗೊ ಮರುಭೂಮಿ ಸ್ಟೇಟ್ ಪಾರ್ಕ್. ಊರಿನ ಅಂಚಿನ ಖಾಸಗಿ ಬಯಲಿನಲ್ಲಿ 130ಕ್ಕೂ ಹೆಚ್ಚು ಉಕ್ಕಿನ ಶಿಲ್ಪಗಳು ನಿಂತಿವೆ: ಆನೆಯ ಪೂರ್ವಜರು, ಕಾಡುಕುದುರೆಗಳು, ಒಂಟೆಗಳು, ಚೇಳು, ಮಿಡತೆ, ರಸ್ತೆ ದಾಟುವ 350 ಅಡಿಯ ಹಾವು. ಜಾಗದ ಹೆಸರು ಗಲೆಟ ಮೆಡೋಸ್. ಬರೆಯುವುದು ಹಾಗಾದರೂ ಸ್ಪ್ಯಾನಿಷ್ ಉಚ್ಚಾರದಲ್ಲಿ ಅದು ‘ಗಯೇಟ’. ಅಲ್ಲಿ ಬೆಳೆಯುವ ಒಂದು ಒರಟು ಹುಲ್ಲಿನ ಹೆಸರು. ಟಿಕೆಟ್ ಇಲ್ಲ, ಗೇಟಿಲ್ಲ, ಮುಚ್ಚುವ ವೇಳೆ ಇಲ್ಲ.

ಟಿಕೆಟ್ಟೂ ಗೇಟೂ ಇಲ್ಲದಿರುವುದೇ ಇಲ್ಲಿನ ತೊಡಕು. ಹೇಗೆ ನೋಡಬೇಕೆಂದು ಯಾರೂ ಹೇಳುವುದಿಲ್ಲ. ಮಟಮಟ ಮಧ್ಯಾಹ್ನ ಬಂದು, ಹಾವಿನ ಮುಂದೆ ಎರಡು ಫೋಟೊ ತೆಗೆದು, ‘ಇಷ್ಟಕ್ಕೆ ಮೂರು ಗಂಟೆ ಬಂದೆವಾ’ ಅಂದುಕೊಂಡು ವಾಪಸಾಗುವವರು ಬಹಳ. ‘ಯಾವ ಶಿಲ್ಪ ನೋಡಬೇಕು’ ಎಂಬುದು ಇಲ್ಲಿ ಕೊನೆಯ ಪ್ರಶ್ನೆ. ತಿಂಗಳು, ಹೊತ್ತು, ಡಾಂಬರು ಬಿಟ್ಟು ಎಷ್ಟು ದೂರ ಇಳಿಯುತ್ತೀರಿ ಎಂಬ ಮೂರು ಆಯ್ಕೆ ಸರಿಯಾದರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ.

ಮೊದಲು: ಬೊರೆಗೊಗೇ ಹೋಗಬೇಕೆ?

ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ ದೊಡ್ಡ ಪ್ರಾಣಿಗಳನ್ನು ನಿಲ್ಲಿಸಿರುವ ಜಾಗ ಇದೊಂದೇ ಅಲ್ಲ. ನಿಮ್ಮ ದಾರಿ ಎತ್ತ ಎಂಬುದರ ಮೇಲೆ ಬೇರೆಯದೂ ಸಾಕಾದೀತು.

ಲಾಸ್ ಏಂಜಲೀಸ್‌ನಿಂದ ಪಾಮ್ ಸ್ಪ್ರಿಂಗ್ಸ್ ಕಡೆ ಹೋಗುವವರಿಗೆ ಐ-10 ಹೆದ್ದಾರಿಯ ಪಕ್ಕದಲ್ಲೇ ಕಬಜಾನ್ ಡೈನೊಸಾರ್‌ಗಳು ಸಿಗುತ್ತವೆ. ಕ್ಲಾಡ್ ಬೆಲ್ ಎಂಬವರು 1964ರಲ್ಲಿ ಶುರು ಮಾಡಿದ ‘ಡಿನ್ನಿ’ 150 ಅಡಿ ಉದ್ದದ್ದು. ಹೊಟ್ಟೆಯೊಳಗೆ ಅಂಗಡಿಯೇ ಇದೆ. ಆದರೆ ಅದು ಉಕ್ಕಿನ ಅಸ್ಥಿಪಂಜರದ ಮೇಲೆ ಕಾಂಕ್ರೀಟ್ ಮೆತ್ತಿದ ಕೆಲಸ, ಲೋಹದ ಮೈಯಲ್ಲ. ಹೆದ್ದಾರಿಯ ಸದ್ದೂ ಜೊತೆಗಿರುತ್ತದೆ. ಆರು ವರ್ಷದೊಳಗಿನ ಮಕ್ಕಳಿದ್ದು, ಕೈಯಲ್ಲಿ ಒಂದೇ ಗಂಟೆ ಇದ್ದರೆ ಇದು ಸರಿ.

ಅರಿಜೋನದ ಟೂಸಾನ್‌ನಲ್ಲಿ ಸೈಮನ್ ಡೊನೊವನ್ ವಿನ್ಯಾಸ ಮಾಡಿದ, 2002ರಲ್ಲಿ ತೆರೆದ ಬುಡುಬುಡಿಕೆ ಹಾವಿನ (ರ್ಯಾಟಲ್‌ಸ್ನೇಕ್) ಸೇತುವೆಯಿದೆ. ಬ್ರಾಡ್‌ವೇ ರಸ್ತೆಯ ಮೇಲೆ ಹಾದುಹೋಗುವ ಈ ಹಾವಿನ ಬಾಯೊಳಗೆ ಹೊಕ್ಕು, ಮೈಯೊಳಗೆ ನಡೆದು ಹೋಗಬಹುದು. ಪಾದಚಾರಿಗಳಿಗೂ ಸೈಕಲ್ಲಿಗೂ ಮಾತ್ರ. ಗಾಲಿಕುರ್ಚಿ ಬಳಸುವವರು ಜೊತೆಗಿದ್ದರೆ ಮರಳಿನ ಕಾಟವಿಲ್ಲದ ಇಂಥ ಜಾಗವೇ ವಾಸಿ. ನ್ಯೂ ಮೆಕ್ಸಿಕೊದ ಲಾಸ್ ಕ್ರೂಸಸ್‌ನ ಪಶ್ಚಿಮಕ್ಕೆ, ಐ-10ರ ವಿಶ್ರಾಂತಿ ತಾಣದಲ್ಲಿ, ಗುಜರಿ ಸಾಮಾನಿನಿಂದ ಮಾಡಿದ 20 ಅಡಿ ಎತ್ತರದ ರೋಡ್‌ರನ್ನರ್ ಹಕ್ಕಿಯಿದೆ. ಹತ್ತಿರ ಹೋದಾಗ ಹಳೆಯ ಬೂಟುಗಳು ಕಾಣುತ್ತವೆ. ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ, ಅದಕ್ಕೆಂದೇ ಹೊರಡಬೇಡಿ.

ಒಂದೇ ಕೈಯ ಕೆಲಸ ಇಷ್ಟು ಸಂಖ್ಯೆಯಲ್ಲಿ, ಹಿಂದೆ ಬೆಟ್ಟ, ಮುಂದೆ ಬಯಲು, ನಡುವೆ ಬೇಲಿಯಿಲ್ಲದೆ ಕಾಣುವುದು ಬೊರೆಗೊದಲ್ಲಿ. ಅದಕ್ಕೆಂದೇ ಒಂದು ದಿನ ಎತ್ತಿಡುವಂತಿದ್ದರೆ ಮಾತ್ರ ಇತ್ತ ಬನ್ನಿ.

ಇವನ್ನು ಮಾಡಿದವರು, ಮಾಡಿದ ಬಗೆ

ಇದನ್ನು ತಿಳಿದುಕೊಂಡು ಹೋದರೆ ನೋಡುವ ಕ್ರಮವೇ ಬೇರೆಯಾಗುತ್ತದೆ. ಜಮೀನು ಡೆನಿಸ್ ಏವರಿಯವರದು. ಹಿಂಬದಿ ಸುಲಿದು ಅಂಟಿಸುವ ಲೇಬಲ್‌ಗಳನ್ನು ಕಂಡುಹಿಡಿದ ಕುಟುಂಬದ ಕುಡಿ. ಶಿಲ್ಪಿ ರಿಕಾರ್ಡೊ ಬ್ರೆಸೆಡ, ಮೆಕ್ಸಿಕೊದ ಡುರಾಂಗೊದವರು. ಕಟ್ಟಡ ಕೆಲಸದಲ್ಲಿದ್ದಾಗ ಮೇಲಿಂದ ಬಿದ್ದು ಪೆಟ್ಟಾದ ಮೇಲೆ ಈ ಕಸುಬಿಗೆ ಬಂದವರು. ಕಲಾಶಾಲೆಯ ಓದಿಲ್ಲ. ಮಗಳಿಗೆಂದು ಮಾಡಿದ ಡೈನೊಸಾರ್‌ನಿಂದ ಶುರುವಾಯಿತು. ಏವರಿಯವರ ಬಯಲಿಗೆ ಮೊದಲ ಶಿಲ್ಪಗಳು ಬಂದದ್ದು 2008ರಲ್ಲಿ: ಆನೆಯ ದೂರದ ನೆಂಟರಾದ ಗಾಂಫೋಥೀರ್‌ಗಳು. ಏವರಿ 2012ರಲ್ಲಿ ತೀರಿಕೊಂಡರು. ಬಯಲು ಇಂದಿಗೂ ಎಲ್ಲರಿಗೂ ತೆರೆದೇ ಇದೆ.

ಒಳಗೆ ಬೆಸುಗೆ ಹಾಕಿದ ಕಂಬಿಯ ಚೌಕಟ್ಟು, ಮೇಲೆ ಕತ್ತರಿಸಿ ಬಡಿದು ಉಬ್ಬು-ತಗ್ಗು ಎಬ್ಬಿಸಿದ ತಗಡಿನ ತುಂಡುಗಳು. ತುಪ್ಪಳವೂ ಸುಕ್ಕೂ ರೆಪ್ಪೆಯೂ ಆ ತಗಡಿನ ಪಟ್ಟಿಗಳಿಂದಲೇ. ಬಣ್ಣ ಬಳಿದಿಲ್ಲ, ತುಕ್ಕೇ ಬಣ್ಣ. ಇದರಿಂದ ಎರಡು ಸಂಗತಿ ನೆನಪಿಡಬೇಕು. ತಗಡಿನ ಅಂಚುಗಳು ಕೈ ಕೊಯ್ಯುವಷ್ಟು ಹರಿತ, ಆದ್ದರಿಂದ ಮಕ್ಕಳನ್ನು ಹತ್ತಿಸಬೇಡಿ. ಹತ್ತುವುದರಿಂದ ಬೆಸುಗೆಯೂ ಬಿಡುತ್ತದೆ. ಇನ್ನೊಂದು, ಬಿಸಿಲಿಗೆ ಕಾದ ತಗಡು ದೋಸೆ ಕಾವಲಿಯೇ ಸರಿ. ಏಪ್ರಿಲ್ ಮಧ್ಯಾಹ್ನದಲ್ಲೂ ಅಂಗೈ ಇಡಲಾಗದು.

ಬಯಲಿನಲ್ಲಿರುವ ಡೈನೊಸಾರ್ ಶಿಲ್ಪಗಳನ್ನೂ ಉಳಿದ ಪ್ರಾಣಿಗಳನ್ನೂ ಒಂದೇ ಗುಂಪಿಗೆ ಹಾಕಬೇಡಿ. ಆಂಜಾ-ಬೊರೆಗೊದ ಮಣ್ಣಿನಲ್ಲಿ ಡೈನೊಸಾರ್‌ನ ಎಲುಬು ಸಿಕ್ಕಿಲ್ಲ. ಇಲ್ಲಿನ ಪದರಗಳು ಅವು ಅಳಿದು ಎಷ್ಟೋ ಕೋಟಿ ವರ್ಷಗಳ ನಂತರದವು. ಮ್ಯಾಮತ್, ಗಾಂಫೋಥೀರ್, ಕೋರೆಹಲ್ಲಿನ ಬೆಕ್ಕು, ನೆಲದ ಸ್ಲಾತ್, ದೈತ್ಯ ಆಮೆ, ಸುಮಾರು 16 ಅಡಿ ರೆಕ್ಕೆಯಗಲದ ರಣಹದ್ದಿನಂಥ ಹಕ್ಕಿ, ಇವೆಲ್ಲ ನಿಜವಾಗಿ ಇದೇ ಬಯಲಿನಲ್ಲಿ ಓಡಾಡಿದವು. ಒಂಟೆಯನ್ನು ಕಂಡು ‘ಮರುಭೂಮಿ ಅಂತ ರಾಜಸ್ಥಾನದ ಒಂಟೆ ತಂದಿಟ್ಟಿದ್ದಾರೆ’ ಅಂದುಕೊಳ್ಳುವವರಿದ್ದಾರೆ. ಕಥೆ ತಿರುಗುಮುರುಗು: ಒಂಟೆಯ ವಂಶ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ, ಅಲ್ಲಿಂದ ಏಷ್ಯಕ್ಕೆ ದಾಟಿದ್ದು. ಕುದುರೆಯದೂ ಅದೇ ಕಥೆ.

ತಿಂಗಳು: ಇಲ್ಲಿ ತಪ್ಪಿದರೆ ಉಳಿದುದೆಲ್ಲ ವ್ಯರ್ಥ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಊರಿಂದ ಬರುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಏಪ್ರಿಲ್‌ನಲ್ಲಿ ಬಂದು ಸೆಪ್ಟೆಂಬರ್‌ವರೆಗೆ ಇರುತ್ತಾರೆ. ಚಳಿ ತಪ್ಪಿಸಲು ಆರಿಸಿಕೊಂಡ ತಿಂಗಳುಗಳು. ಬೊರೆಗೊಗೆ ಅವೇ ಕೆಟ್ಟ ತಿಂಗಳುಗಳು. ಜುಲೈಯಲ್ಲಿ ಸರಾಸರಿ ಗರಿಷ್ಠ ತಾಪಮಾನವೇ 42 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೆಟ್ಟ ದಿನಗಳಲ್ಲಿ 48 ದಾಟುತ್ತದೆ. ‘ನಾವು ಕಲಬುರಗಿಯವರು, ಬಿಸಿಲು ನಮಗೆ ಹೊಸದಲ್ಲ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕಲಬುರಗಿಯಲ್ಲಿ ನೆರಳಿದೆ, ಮನೆಯಿದೆ, ಹತ್ತು ಹೆಜ್ಜೆಗೆ ನೀರಿದೆ. ಗಲೆಟ ಮೆಡೋಸ್‌ನಲ್ಲಿ ಶಿಲ್ಪದ ಹೊಟ್ಟೆಯ ಕೆಳಗಿನದು ಬಿಟ್ಟರೆ ನೆರಳೇ ಇಲ್ಲ.

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ: ಹಗಲು 20ರಿಂದ 24 ಡಿಗ್ರಿ, ಜನ ಕಡಿಮೆ, ಗಾಳಿ ತಿಳಿ. ಸೂರ್ಯ ಇಡೀ ದಿನ ಆಕಾಶದಲ್ಲಿ ತಗ್ಗಿನಲ್ಲೇ ಇರುವುದರಿಂದ ತಗಡಿನ ಉಬ್ಬು-ತಗ್ಗು ಮಧ್ಯಾಹ್ನ ಮೂರಕ್ಕೂ ಚೆನ್ನಾಗಿ ಕಾಣುತ್ತದೆ. ಶಿಲ್ಪಗಳಿಗೆಂದೇ ಬರುವವರು ಇದನ್ನೇ ಆರಿಸಿ. ಸಂಜೆ ಬಿಸಿಲು ಹೋದ ಕೂಡಲೇ ಚಳಿ ಹಿಡಿಯುತ್ತದೆ. ರಾತ್ರಿ 6-7 ಡಿಗ್ರಿಗೆ ಇಳಿಯುತ್ತದೆ. ಸ್ವೆಟರ್ ಕಾರಿನಲ್ಲಿರಲಿ.

ಫೆಬ್ರವರಿ ಕೊನೆಯಿಂದ ಮಾರ್ಚ್: ಹಿಂದಿನ ಚಳಿಗಾಲದಲ್ಲಿ ಮಳೆ ಸರಿಯಾಗಿ ಬಿದ್ದಿದ್ದರೆ ಹೂವಿನ ಕಾಲ. ಹೆಂಡರ್ಸನ್ ಕ್ಯಾನಿಯನ್ ರಸ್ತೆಯ ಬದಿಗೆ ನೇರಳೆ ಬಣ್ಣದ ಸ್ಯಾಂಡ್ ವರ್ಬೀನ, ಬಿಳಿಯ ಪ್ರಿಮ್‌ರೋಸ್ ಹಾಸು. ನೇರಳೆಯ ನಡುವೆ ತುಕ್ಕುಗೆಂಪಿನ ಪ್ರಾಣಿ ನಿಂತಿರುವ ನೋಟ ಬೇರೆ ತಿಂಗಳಲ್ಲಿ ಸಿಗದು. ಅದಕ್ಕೆ ಬೆಲೆಯೂ ಇದೆ: 2017 ಮತ್ತು 2019ರಂಥ ಮಹಾ ಹೂವಿನ ವರ್ಷಗಳಲ್ಲಿ ಶನಿವಾರ-ಭಾನುವಾರ ಊರು ಕಾರುಗಳಿಂದ ಕಟ್ಟಿಹೋಗುತ್ತದೆ, ರೂಮು ಸಿಗುವುದಿಲ್ಲ, ಹೋಟೆಲುಗಳಲ್ಲಿ ಊಟ ಖಾಲಿಯಾಗುತ್ತದೆ. ಮಂಗಳವಾರ, ಬುಧವಾರ ರಜೆ ಹಾಕಲಾದರೆ ಹಾಕಿ. ವಸಂತದಲ್ಲಿ ಗಾಳಿಯೂ ಜೋರು. ಮರಳು ಎದ್ದ ದಿನ ಕ್ಯಾಮೆರಾದ ಲೆನ್ಸ್ ಬದಲಿಸಲು ಹೋಗಬೇಡಿ.

ಏಪ್ರಿಲ್ ಮೊದಲ ಹದಿನೈದು ದಿನ, ಅಕ್ಟೋಬರ್ ಕೊನೆ: ಬೆಳಗಿನ ಹತ್ತರೊಳಗೆ ಮುಗಿಸುವುದಾದರೆ ಸರಿ. ಮೇಯಿಂದ ಸೆಪ್ಟೆಂಬರ್: ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಅಲ್ಲಿದ್ದು, ಎಂಟಕ್ಕೆ ಹೊರಟುಬಿಡಿ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್, ನೀರು ಕಾರಿನಲ್ಲಿರಲಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ದಿಢೀರ್ ಮಳೆಗೆ ಒಣ ಹಳ್ಳಗಳು ಉಕ್ಕಿ, ರಸ್ತೆಯ ಮೇಲೆ ಮರಳು ಕೆಸರು ಹರಿಯುವುದೂ ಉಂಟು. ಮೋಡ ನಿಮ್ಮ ತಲೆಯ ಮೇಲಿರಬೇಕೆಂದಿಲ್ಲ, ಬೆಟ್ಟದ ಮೇಲಿದ್ದರೂ ಸಾಕು.

ದಾರಿ: ಮೂರು ಕಡೆಯಿಂದ

ಸ್ಯಾನ್ ಡಿಯೇಗೊದಿಂದ ಸುಮಾರು 90 ಮೈಲಿ, ಎರಡು ಗಂಟೆ. ಎರಡು ಆಯ್ಕೆ. ರಮೋನ, ಸಾಂತ ಇಸಬೆಲ್ ದಾಟಿ ಎಸ್-2, ಆಮೇಲೆ ಎಸ್-22 ಎಂಬ ಕೌಂಟಿ ರಸ್ತೆಗಳನ್ನು ಹಿಡಿದರೆ ಮಾಂಟೆಜುಮ ಘಾಟಿಯಲ್ಲಿ 3,000 ಅಡಿಗೂ ಹೆಚ್ಚು ಇಳಿದು ಬಯಲಿಗೆ ಬರುತ್ತೀರಿ. ನೋಟ ಭರ್ಜರಿ, ತಿರುವುಗಳಲ್ಲಿ ವಾಂತಿ ಬರುವವರಿಗೆ ಕಷ್ಟ. ಚಾರ್ಮಾಡಿಯಷ್ಟು ಇಕ್ಕಟ್ಟಲ್ಲ, ಆದರೆ ಇಳಿತ ಬಹಳ ದೂರ ಬಿಡುವಿಲ್ಲದೆ ಸಾಗುತ್ತದೆ. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಕೆಳಗೆ ತಲುಪುವ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಆಟೊಮ್ಯಾಟಿಕ್ ಗೇರ್ ಆದರೂ ‘ಎಲ್’ ಅಥವಾ ಕೆಳಗಿನ ಗೇರಿಗೆ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಸಿ. ಎರಡನೆಯದು ಜೂಲಿಯನ್ ಮೇಲಿಂದ 78ನೇ ಹೆದ್ದಾರಿ, ಅಲ್ಲಿಂದ ಯಾಕಿ ಪಾಸ್. ದೂರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಬಯಲಿನ ದಕ್ಷಿಣ ಭಾಗಕ್ಕೆ ತಂದುಬಿಡುತ್ತದೆ. ಬರುವಾಗ ಒಂದು, ಹೋಗುವಾಗ ಇನ್ನೊಂದು ಮಾಡುವುದು ಜಾಣತನ.

ಲಾಸ್ ಏಂಜಲೀಸ್, ಅರ್ವೈನ್ ಕಡೆಯವರಿಗೆ ಐ-15ರಲ್ಲಿ ಟೆಮೆಕ್ಯುಲ, ಅಲ್ಲಿಂದ 79ನೇ ಹೆದ್ದಾರಿ, ಎಸ್-2, ಎಸ್-22. ಟ್ರಾಫಿಕ್ ಇಲ್ಲದಿದ್ದರೆ ಮೂರು ಗಂಟೆ. ಇದೇ 79ರಲ್ಲಿ ಆಗ್ವಾಂಗ ಎಂಬಲ್ಲಿ ಬ್ರೆಸೆಡ ಅವರ ಕೆಲಸದ ಅಂಗಳ ಇದೆ. ಮಾರಾಟಕ್ಕಿರುವ ಪ್ರಾಣಿಗಳು ರಸ್ತೆಗೇ ಕಾಣುತ್ತವೆ. ಬೊರೆಗೊ ಮುಗಿಸಿ ವಾಪಸಾಗುವಾಗ ನೋಡಿ, ಮೊದಲೇ ಬೇಡ. ಅಂಗಡಿಯಲ್ಲಿ ಸಾಲಾಗಿ ನಿಂತದ್ದನ್ನು ಮೊದಲು ಕಂಡರೆ ಬಯಲಿನಲ್ಲಿ ಸಿಗುವ ಬೆರಗು ಅರ್ಧ ಕರಗುತ್ತದೆ.

ಪಾಮ್ ಸ್ಪ್ರಿಂಗ್ಸ್, ಇಂಡಿಯೊ ಕಡೆಯಿಂದ 86ನೇ ಹೆದ್ದಾರಿಯಲ್ಲಿ ಸಾಲ್ಟನ್ ಸಿಟಿ, ಅಲ್ಲಿಂದ ಪಶ್ಚಿಮಕ್ಕೆ ಎಸ್-22. ಒಂದೂವರೆ ಗಂಟೆ, ಘಾಟಿಯಿಲ್ಲ. ವಯಸ್ಸಾದವರಿದ್ದರೆ, ಕ್ಯಾಂಪರ್ ವಾಹನ ಓಡಿಸುವವರಿದ್ದರೆ ಇದು ಎಲ್ಲಕ್ಕಿಂತ ಸಲೀಸು.

ಎಲ್ಲಿಂದ ಬಂದರೂ ಪೆಟ್ರೋಲನ್ನು ಮೊದಲೇ ತುಂಬಿಸಿ: ರಮೋನ, ಟೆಮೆಕ್ಯುಲ ಅಥವಾ ಸಾಲ್ಟನ್ ಸಿಟಿಯಲ್ಲಿ. ಬೊರೆಗೊದಲ್ಲಿ ಬಂಕ್ ಇದೆ, ದರ ಮಾತ್ರ ಹೆಚ್ಚು. ಘಾಟಿಗಳಲ್ಲೂ ಬಯಲಿನ ಅಂಚಿನಲ್ಲೂ ಮೊಬೈಲ್ ಸಿಗ್ನಲ್ ಬಿಟ್ಟುಬಿಟ್ಟು ಬರುವುದರಿಂದ ನಕ್ಷೆಯನ್ನು ಮನೆಯಲ್ಲೇ ಆಫ್‌ಲೈನ್ ಇಳಿಸಿಕೊಳ್ಳಿ.

ಉತ್ತರವೋ ದಕ್ಷಿಣವೋ

ಊರಿನ ಮಧ್ಯದಲ್ಲಿ ಕ್ರಿಸ್‌ಮಸ್ ಸರ್ಕಲ್ ಎಂಬ ದೊಡ್ಡ ವೃತ್ತವಿದೆ. ಎಲ್ಲ ಲೆಕ್ಕವೂ ಅಲ್ಲಿಂದಲೇ. ಅದರಿಂದ ಬೊರೆಗೊ ಸ್ಪ್ರಿಂಗ್ಸ್ ರಸ್ತೆ ಉತ್ತರಕ್ಕೂ ದಕ್ಷಿಣಕ್ಕೂ ಹೋಗುತ್ತದೆ. ಎರಡೂ ಕಡೆ ಶಿಲ್ಪಗಳು.

ಎರಡೇ ಗಂಟೆ ಇದ್ದರೆ ಯೋಚಿಸಬೇಡಿ, ಉತ್ತರ. ವೃತ್ತದಿಂದ ನಾಲ್ಕು ಮೈಲಿಯೊಳಗೆ ಆ ಹಾವು ಸಿಗುತ್ತದೆ. ಹಾವು ಅನ್ನುವುದಕ್ಕಿಂತ ಡ್ರ್ಯಾಗನ್ ತಲೆ, ಬುಡುಬುಡಿಕೆ ಹಾವಿನ ಬಾಲ. 350 ಅಡಿಯೆಂದರೆ ನಮ್ಮ ಒಂಬತ್ತು ಕೆಂಪು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು. ಮೈ ಅಲ್ಲಲ್ಲಿ ಮರಳಿನಿಂದ ಎದ್ದು ಮತ್ತೆ ಮುಳುಗುತ್ತದೆ, ನಡುವೆ ಡಾಂಬರು ರಸ್ತೆ ಹಾಯುತ್ತದೆ. ರಸ್ತೆಯ ಕೆಳಗೇ ಹರಿದು ಆಚೆ ಎದ್ದಂತೆ ಕಣ್ಣಿಗೆ ಕಾಣುತ್ತದೆ. ಅದೇ ರಸ್ತೆಯಲ್ಲಿ ಚೇಳೂ ಮಿಡತೆಯೂ ಎದುರುಬದುರಾಗಿ ನಿಂತಿವೆ. ಸುತ್ತಲಿನ ಬಯಲಿನಲ್ಲಿ ದೊಡ್ಡ ಕೊಂಬಿನ ಕಾಡುಕುರಿಗಳನ್ನೂ ಹುಡುಕಿ. ‘ಬೊರೆಗೊ’ ಅಂದರೆ ಸ್ಪ್ಯಾನಿಷ್‌ನಲ್ಲಿ ಕುರಿಯೇ, ಊರಿಗೆ ಆ ಹೆಸರು ಬಂದದ್ದೂ ಅವುಗಳಿಂದ.

ಉತ್ತರದ ತೊಂದರೆಯೆಂದರೆ ಎಲ್ಲರೂ ಅಲ್ಲೇ ಬರುತ್ತಾರೆ. ಹಾವಿನ ಫೋಟೊಗೆ ರಸ್ತೆಯ ನಡುಗೆರೆಯ ಮೇಲೆ ಕುಟುಂಬ ಸಮೇತ ನಿಲ್ಲುವುದು ಒಂದು ರೂಢಿಯೇ ಆಗಿಬಿಟ್ಟಿದೆ. ನೆಟ್ಟಗಿನ ರಸ್ತೆ, ವಾಹನಗಳು ವೇಗವಾಗಿ ಬರುತ್ತವೆ. ಕಾರಿನ ನಾಲ್ಕೂ ಚಕ್ರ ಡಾಂಬರಿನಿಂದ ಹೊರಗಿರುವಂತೆ ನಿಲ್ಲಿಸಿ, ಮಗುವಿನ ಕೈ ಬಿಡಬೇಡಿ.

ದಕ್ಷಿಣದ ಬಯಲು ಬೇರೆ ಲಯದ್ದು. ಶಿಲ್ಪಗಳು ಇನ್ನಷ್ಟು ಚದುರಿಕೊಂಡಿವೆ, ನಡಿಗೆ ಹೆಚ್ಚು, ಜನ ಕಡಿಮೆ. ಅರ್ಧ ತಾಸು ಯಾರೂ ಎದುರಾಗದೆ ಒಂದು ಪ್ರಾಣಿಯ ಸುತ್ತ ಸುತ್ತಬಹುದು. ಯಾಕಿ ಪಾಸ್ ಮೇಲಿಂದ ಬರುವವರಿಗೆ ಇದು ಮೊದಲೇ ಸಿಗುತ್ತದೆ. ಹಾವನ್ನು ಹಿಂದೊಮ್ಮೆ ನೋಡಿದವರು, ಎರಡನೆಯ ಸಲ ಬಂದವರು, ಚಿತ್ರ ಬರೆಯುವವರು ಇಲ್ಲಿಂದಲೇ ಶುರು ಮಾಡಿ. ಎರಡೂ ಕಡೆ ಸಾವಕಾಶವಾಗಿ ನೋಡಲು ಐದಾರು ಗಂಟೆ ಬೇಕು. 130 ಎಂಬ ಸಂಖ್ಯೆಯ ಬೆನ್ನು ಹತ್ತಬೇಡಿ; ಮೂವತ್ತು ನೋಡುವಷ್ಟರಲ್ಲಿ ಕಣ್ಣು ದಣಿಯುತ್ತದೆ. ಮನುಷ್ಯರ ಶಿಲ್ಪಗಳೂ ಇವೆ: ಪಾದ್ರಿ, ಚಿನ್ನ ಹುಡುಕುವವನು, ಹೊಲದ ಕೂಲಿಗಳು. ಕೆಲಸ ಚೆನ್ನಾಗಿದೆ, ಆದರೆ ಪ್ರಾಣಿಗಳಲ್ಲಿರುವ ಜೀವ ಇವುಗಳಲ್ಲಿ ಕಡಿಮೆ.

ಕಾರು: ಸಣ್ಣ ಸೆಡಾನ್ ಸಾಕೆ?

ಸಾಕು, ಒಂದು ಷರತ್ತಿನ ಮೇಲೆ. ಹಾವು, ಚೇಳು ಮುಂತಾದ ದೊಡ್ಡವು ಡಾಂಬರಿನಿಂದ ನಡೆಯುವ ದೂರದಲ್ಲಿವೆ. ರಸ್ತೆಬದಿಯ ಗಟ್ಟಿ ನೆಲದಲ್ಲಿ ನಿಲ್ಲಿಸಿ ನಡೆದರೆ ಯಾವ ಕಾರೂ ಆದೀತು. ಒಳಗಿನ ಶಿಲ್ಪಗಳ ಪಕ್ಕಕ್ಕೇ ಮರಳಿನ ಜಾಡುಗಳಿವೆ. ಎದುರಿನವರ ಜೀಪು ಹೋದದ್ದನ್ನು ನೋಡಿ ಹಿಂಬಾಲಿಸಿದ ಸೆಡಾನ್‌ಗಳೇ ಸಿಕ್ಕಿಬೀಳುವುದು.

ಹೂತುಹೋಗುವ ಬಗೆ ಹೀಗೆ. ಮೇಲ್ಪದರ ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಸಡಿಲ ಮರಳು. ವೇಗ ಕಡಿಮೆಯಾಗಿ ತಿರುಗಿಸಲು ಹೋದಾಗ ಮುಂದಿನ ಚಕ್ರ ಜಾರುತ್ತದೆ. ಆಗ ಆಕ್ಸಿಲರೇಟರ್ ಒತ್ತಿದರೆ ಚಕ್ರ ತಿರುಗುತ್ತ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ, ಅರ್ಧ ನಿಮಿಷದಲ್ಲಿ ಕಾರಿನ ಹೊಟ್ಟೆ ಮರಳಿನ ಮೇಲೆ ಕೂರುತ್ತದೆ. ಹೊಟ್ಟೆ ಕೂತ ಮೇಲೆ ಎಷ್ಟು ತಳ್ಳಿದರೂ ಬರದು. ಬಾಡಿಗೆ ಕಾರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಡಾಂಬರು ಬಿಟ್ಟು ಇಳಿಯಬಾರದೆಂದೇ ಇರುತ್ತದೆ. ಇಳಿದು ಸಿಕ್ಕಿಬಿದ್ದರೆ ಎಳೆಸುವ ಖರ್ಚು ನಿಮ್ಮ ತಲೆಯ ಮೇಲೆ.

ಚಕ್ರ ಜಾರಿದ್ದು ತಿಳಿದ ಕೂಡಲೇ ಕಾಲು ತೆಗೆಯಿರಿ. ಸ್ಟಿಯರಿಂಗ್ ನೇರ ಮಾಡಿ, ಬಂದ ಜಾಡಿನಲ್ಲೇ ನಿಧಾನವಾಗಿ ಹಿಂದಕ್ಕೆ ತನ್ನಿ. ಬರದಿದ್ದರೆ ಎಲ್ಲರೂ ಇಳಿದು, ಎಳೆಯುವ ಚಕ್ರಗಳ ಹಿಂದಿನ ಮರಳನ್ನು ಕೈಯಿಂದಲೋ ತಟ್ಟೆಯಿಂದಲೋ ಇಳಿಜಾರಾಗಿ ತೆಗೆದು, ಕಾರಿನ ಮ್ಯಾಟನ್ನು ಉಲ್ಟಾ ಮಾಡಿ ಚಕ್ರದಡಿಗೆ ತುರುಕಿ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ. ಇಲ್ಲದಿದ್ದರೆ ಅದು ಚಕ್ರ ತಿರುಗಿದಾಗಲೆಲ್ಲ ಶಕ್ತಿ ಕತ್ತರಿಸುತ್ತದೆ. ಕಾರಿನ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು, ಚಕ್ರ ಮ್ಯಾಟನ್ನು ಚಿಮ್ಮಿಸುತ್ತದೆ.

ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಿದ್ದರೆ ಜಾಡಿಗಿಳಿಯುವ ಮೊದಲು ಟೈರಿನ ಗಾಳಿಯನ್ನು 35 ಪಿಎಸ್‌ಐನಿಂದ 20ರ ಹತ್ತಿರಕ್ಕೆ ಇಳಿಸಿ. ಟೈರ್ ಅಗಲವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ಅಷ್ಟು ಕಡಿಮೆ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಟೈರ್ ಕಾದು ಹಾಳಾಗುತ್ತದೆ. ಆದ್ದರಿಂದ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇಲ್ಲದೆ ಗಾಳಿ ಇಳಿಸಲೇಬೇಡಿ. ಆಲ್-ವೀಲ್ ಡ್ರೈವ್ ಎಂದು ಬರೆದಿರುವ, ನೆಲಕ್ಕೆ ತಗ್ಗಾಗಿರುವ ಕುಟುಂಬದ ಗಾಡಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ; ಅವುಗಳ ಹೊಟ್ಟೆ ಸೆಡಾನಿಗಿಂತ ಒಂದೆರಡು ಇಂಚು ಮೇಲೆ, ಅಷ್ಟೇ. ಹೂವಿನ ಕಾಲದಲ್ಲಿ ಜಾಡು ಬಿಟ್ಟು ಎಲ್ಲೂ ಚಕ್ರ ಹಾಯಿಸಬಾರದು.

ಬೆಳಗೋ ಸಂಜೆಯೋ ರಾತ್ರಿಯೋ

ಬಯಲಿನ ಪಶ್ಚಿಮಕ್ಕೆ ಎತ್ತರದ ಬೆಟ್ಟ. ಆಯ್ಕೆಯೆಲ್ಲ ಇದರ ಮೇಲೆ ನಿಂತಿದೆ. ಬೆಳಗಿನ ಸೂರ್ಯ ಪೂರ್ವದ ತಗ್ಗಿನಿಂದ ಎದ್ದು ಶಿಲ್ಪಕ್ಕೂ ಹಿಂದಿನ ಬೆಟ್ಟಕ್ಕೂ ನೇರ ಬೆಳಕು ಚೆಲ್ಲುತ್ತಾನೆ. ತುಕ್ಕು ಕೆಂಡದಂತೆ ಹೊಳೆಯುತ್ತದೆ, ಬೆಟ್ಟ ನಸುಗೆಂಪಾಗುತ್ತದೆ. ಬಣ್ಣ, ಕುಸುರಿ ಬೇಕಾದವರು ಬೆಳಿಗ್ಗೆ ಬನ್ನಿ. ಮೊದಲ ನಲವತ್ತು ನಿಮಿಷವೇ ಸಾರ. ಸಂಜೆ ಸೂರ್ಯ ಬೆಟ್ಟದ ಹಿಂದೆ ಸರಿಯುವುದರಿಂದ ಪ್ರಾಣಿಗಳು ಕಪ್ಪು ಆಕೃತಿಗಳಾಗುತ್ತವೆ. ಕುದುರೆಗಳ ಗುಂಪು, ರೆಕ್ಕೆ ಬಿಚ್ಚಿದ ಹಕ್ಕಿ, ಹಾವಿನ ಬಾಯಿ ಆಗ ಚಂದ. ಸಂಜೆಯವರು ಮಾಡುವ ತಪ್ಪು ಒಂದೇ: ಫೋನ್ ತೋರಿಸುವ ಸೂರ್ಯಾಸ್ತದ ವೇಳೆ ನಂಬುವುದು. ಬೆಟ್ಟದ ನೆರಳು ಅದಕ್ಕಿಂತ ಎಷ್ಟೋ ಮೊದಲೇ ಬಯಲಿಗೆ ಬೀಳುತ್ತದೆ. ಫೋನ್ ಹೇಳುವುದಕ್ಕಿಂತ ಒಂದೂವರೆ ಗಂಟೆ ಮೊದಲೇ ಅಲ್ಲಿರಿ. ಡಿಸೆಂಬರ್‌ನಲ್ಲಿ ಅದೆಂದರೆ ಮಧ್ಯಾಹ್ನ ಮೂರು ಕಾಲು.

ರಾತ್ರಿಯದು ಬೇರೆಯದೇ ಲೋಕ. ಬೊರೆಗೊ ಸ್ಪ್ರಿಂಗ್ಸ್ 2009ರಲ್ಲಿ ಅಂತರರಾಷ್ಟ್ರೀಯ ಕಗ್ಗತ್ತಲ ಆಕಾಶದ ಊರು ಎಂಬ ಮನ್ನಣೆ ಪಡೆಯಿತು, ಅರಿಜೋನದ ಫ್ಲ್ಯಾಗ್‌ಸ್ಟಾಫ್ ಬಿಟ್ಟರೆ ಜಗತ್ತಿನಲ್ಲಿ ಎರಡನೆಯದು. ಬೀದಿದೀಪದ ಕಾಟವಿಲ್ಲ. ಆದರೆ ಹಗಲಿಗೆ ಒಳ್ಳೆಯ ತಿಂಗಳೂ ಆಕಾಶಗಂಗೆಗೆ ಒಳ್ಳೆಯ ತಿಂಗಳೂ ಒಂದೇ ಅಲ್ಲ. ಡಿಸೆಂಬರ್-ಜನವರಿಯಲ್ಲಿ ಆಕಾಶಗಂಗೆಯ ಹೊಳೆಯುವ ನಡುಭಾಗ ಕಾಣುವುದೇ ಇಲ್ಲ. ಮಹಾವ್ಯಾಧ, ಕೃತ್ತಿಕೆಗಳಿಗೆ ತೃಪ್ತಿಪಡಬೇಕು. ಮಾರ್ಚ್‌ನಲ್ಲಿ ಅದು ನಸುಕಿನ ಮೂರು-ನಾಲ್ಕಕ್ಕೆ ಏಳುತ್ತದೆ. ಎರಡೂ ಬೇಕೆಂದರೆ ಮಾರ್ಚ್ ಕೊನೆಯ, ಏಪ್ರಿಲ್ ಮೊದಲ ಅಮಾವಾಸ್ಯೆಯ ಆಸುಪಾಸು ಬನ್ನಿ. ಪಂಚಾಂಗ ನೋಡಿದರೆ ಸಾಕು. ಅಗಲದ ಲೆನ್ಸ್, ಎಫ್ 2.8, ಐಎಸ್‌ಒ 3200, 15ರಿಂದ 20 ಸೆಕೆಂಡಿನಿಂದ ಶುರು ಮಾಡಿ. ಶಿಲ್ಪದ ಮೇಲೆ ಬಿಳಿ ಟಾರ್ಚ್ ಬಿಡಬೇಡಿ: ತಗಡು ಸುಟ್ಟ ಬಿಳುಪಾಗಿ ಬರುತ್ತದೆ, ಪಕ್ಕದಲ್ಲಿ ಕ್ಯಾಮೆರಾ ಇಟ್ಟವರ ಕೆಲಸವೂ ಕೆಡುತ್ತದೆ. ತದಿಗೆ-ಚೌತಿಯ ಚಂದ್ರನ ಬೆಳಕು ಯಾವ ಟಾರ್ಚಿಗಿಂತಲೂ ಮೇಲು. ನಡೆಯಲು ಕೆಂಪು ದೀಪ ಬಳಸಿ, ಹೆಜ್ಜೆಯಿಡುವ ನೆಲ ನೋಡಿಕೊಂಡೇ ನಡೆಯಿರಿ. ಬೆಚ್ಚಗಿನ ರಾತ್ರಿಗಳಲ್ಲಿ ಬುಡುಬುಡಿಕೆ ಹಾವುಗಳು ಹೊರಬರುತ್ತವೆ, ಉಕ್ಕಿನವಲ್ಲ.

ಒಂದು ದಿನವೋ, ರಾತ್ರಿ ತಂಗುವುದೋ

ಸ್ಯಾನ್ ಡಿಯೇಗೊದವರಿಗೆ ಒಂದು ದಿನ ಸಾಕು, ಬೆಳಗಿನ ಬೆಳಕು ಬೇಡವಾದರೆ. ಲಾಸ್ ಏಂಜಲೀಸ್‌ನವರು ಹೋಗಿಬರುವುದೇ ಆರು ಗಂಟೆ, ಅವರು ತಂಗುವುದೇ ಒಳ್ಳೆಯದು. ಸಂಜೆ ಉತ್ತರ, ರಾತ್ರಿ ಆಕಾಶ, ಬೆಳಿಗ್ಗೆ ಮತ್ತೆ ಉತ್ತರ, ಹೋಗುವಾಗ ದಕ್ಷಿಣ. ರೂಮು ದುಬಾರಿಯೆನಿಸಿದರೆ ಸ್ಟೇಟ್ ಪಾರ್ಕ್‌ನ ಬೊರೆಗೊ ಪಾಮ್ ಕ್ಯಾನಿಯನ್ ಡೇರೆ ತಾಣದಲ್ಲಿ ಮುಂಗಡ ಕಾದಿರಿಸಬಹುದು. ಪಾರ್ಕಿನ ತೆರೆದ ಜಾಗಗಳಲ್ಲೂ ಡೇರೆ ಹಾಕಲು ಬಿಡುತ್ತಾರೆ. ಬೆಂಕಿ ಮಾತ್ರ ಲೋಹದ ಪಾತ್ರೆಯೊಳಗೇ, ಸೌದೆ ನೀವೇ ತಂದದ್ದು, ಬೂದಿಯೂ ನಿಮ್ಮ ಜೊತೆ ವಾಪಸು. ಶಿಲ್ಪಗಳಿರುವುದು ಖಾಸಗಿ ನೆಲ, ಅಲ್ಲಿ ಫಲಕದಲ್ಲಿರುವ ನಿಯಮವೇ ನಿಯಮ.

ಶಿಲ್ಪಗಳ ಬಳಿ ಶೌಚಾಲಯವಿಲ್ಲ. ವೃತ್ತದಿಂದ ಪಶ್ಚಿಮಕ್ಕೆ ಎರಡು ಮೈಲಿಯೊಳಗೆ ಪಾರ್ಕಿನ ಸಂದರ್ಶಕರ ಕೇಂದ್ರವಿದೆ. ಮಾಡಿನ ಮೇಲೆ ಮಣ್ಣು ಹೊದಿಸಿ ನೆಲದೊಳಗೆ ಹುದುಗಿಸಿದ ಕಟ್ಟಡವಾದ್ದರಿಂದ ಹುಡುಕುವವರು ಮುಂದೆ ದಾಟಿಬಿಡುತ್ತಾರೆ. ನಕ್ಷೆಯನ್ನೂ ಅಲ್ಲೇ ಕೇಳಿ. ಊಟಕ್ಕೆ ಊರಲ್ಲಿ ಹೆಚ್ಚಿನವು ಮೆಕ್ಸಿಕನ್, ಅಮೆರಿಕನ್ ಹೋಟೆಲುಗಳು. ಸಸ್ಯಾಹಾರಿಗಳು ಅರೆದ ಬೀನ್ಸ್ ಕಾಳಿನಲ್ಲಿ ‘ಮಾಂತೇಕ’, ಅಂದರೆ ಹಂದಿಕೊಬ್ಬು, ಇದೆಯೇ ಎಂದೂ, ಅನ್ನವನ್ನು ಕೋಳಿಯ ರಸದಲ್ಲಿ ಬೇಯಿಸಿದ್ದೇ ಎಂದೂ ಕೇಳಿಕೊಳ್ಳಬೇಕು. ಪುಳಿಯೋಗರೆ, ಚಪಾತಿ-ಚಟ್ನಿಪುಡಿ ಕಟ್ಟಿಕೊಂಡರೆ ಈ ವಿಚಾರಣೆಯೇ ತಪ್ಪುತ್ತದೆ. ಮೊಸರನ್ನದ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ನಡೆಯಲು ಹೋಗಬೇಡಿ, ಫೆಬ್ರವರಿಯಲ್ಲೂ.

ಚಪ್ಪಲಿ ಬೇಡ, ಮುಚ್ಚಿದ ಶೂ. ಚೋಯ ಎಂಬ ಪಾಪಾಸುಕಳ್ಳಿಯ ತುಂಡುಗಳು ನೆಲದಲ್ಲಿ ಬಿದ್ದಿರುತ್ತವೆ, ತಾಗಿದರೆ ಸಾಕು ಮೈಗೆ ಕಚ್ಚಿಕೊಳ್ಳುತ್ತವೆ. ಬೆರಳಿನಿಂದ ಕೀಳಲು ಹೋದರೆ ಬೆರಳಿಗೂ ಹತ್ತುತ್ತವೆ. ಬಾಚಣಿಗೆಯ ಹಲ್ಲುಗಳನ್ನು ಕಳ್ಳಿಗೂ ಚರ್ಮಕ್ಕೂ ನಡುವೆ ತೂರಿಸಿ ಒಂದೇ ಸಲ ಚಿಮ್ಮಿಸಿ, ಉಳಿದ ಮುಳ್ಳನ್ನು ಚಿಮುಟದಿಂದ ತೆಗೆಯಿರಿ. ಹಾಗೆ ಚಿಮ್ಮಿಸುವಾಗ ಎದುರಿಗೆ ಯಾರೂ ನಿಂತಿಲ್ಲವೆಂದು ನೋಡಿಕೊಳ್ಳಿ.